ಗುರುವಿನ ಗೆರೆ ತಿದ್ದಿದವರು

ಹತ್ತು ವರ್ಷ ಗುರು ಬರೆದದ್ದನ್ನೇ ಬರೆಯಬೇಕು. ಬರೆದದ್ದನ್ನು ಮತ್ತೆ ಬರೆಯಬೇಕು. ಸ್ವಂತ ಚಿತ್ರದ ಮಾತು ಆಮೇಲೆ. ಜಪಾನಿನ ಮಸಿಚಿತ್ರಕಾರರು ಪಳಗಿದ್ದು ಇಂಥ ಗರಡಿಯಲ್ಲಿ. ಆ ಗರಡಿಯ ಒಂದು ಎಳೆ ಕಲ್ಕತ್ತೆಗೆ ಬಂತು, ಅಲ್ಲಿಂದ ಮೈಸೂರಿನ ವೆಂಕಟಪ್ಪನವರ ಕುಂಚವನ್ನೂ ಮುಟ್ಟಿತು.

1881ರ ವಸಂತ. ಟೋಕಿಯೊದ ಉಯೆನೊ ಉದ್ಯಾನದಲ್ಲಿ ಎರಡನೇ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ ಭರದಿಂದ ಸಾಗಿದೆ. ದೇಶದ ಮೂಲೆಮೂಲೆಯಿಂದ ಬಂದ ಸರಕುಗಳ ಜೊತೆ ಚಿತ್ರಗಳಿಗೂ ಅಲ್ಲಿ ಜಾಗವಿದೆ. ಅವುಗಳಲ್ಲೊಂದು ಉದ್ದನೆಯ ಚಿತ್ರಪಟ. ಒಣಗಿದ ಒಂದು ಕೊಂಬೆ, ಅದರ ಮೇಲೆ ಕುಳಿತ ಒಂಟಿ ಕಾಗೆ. ಬಣ್ಣದ ಸುಳಿವಿಲ್ಲ, ಎಲ್ಲವೂ ಮಸಿ. ಕುಂಚ ಎಷ್ಟು ಸಲ ಕಾಗದ ಮುಟ್ಟಿದೆ ಎಂದು ಎಣಿಸಿಬಿಡಬಹುದು ಎನ್ನಿಸುವಷ್ಟು ಕಡಿಮೆ ಕೆಲಸ. ಬೆಲೆ ಮಾತ್ರ 100 ಯೆನ್.

ಒಂದು ಕಾಗೆಗೆ ಇಷ್ಟು ದುಡ್ಡೇ ಎಂದು ಜನ ಹುಬ್ಬೇರಿಸಿದರು. ಚಿತ್ರಕಾರ ಕವಾನಬೆ ಕ್ಯೋಸಾಯ್ ಜಗ್ಗಲಿಲ್ಲ. ತಾನು ಕೇಳಿದ್ದು ಕಾಗೆಯ ಬೆಲೆಯನ್ನಲ್ಲ, ಅಷ್ಟು ವರ್ಷ ಕಲಿತದ್ದರ ಬೆಲೆಯನ್ನು ಎಂಬರ್ಥದ ಉತ್ತರ ಕೊಟ್ಟನಂತೆ. ಎಯ್ತಾರೊ ಎಂಬ ಹೆಸರಾಂತ ಮಿಠಾಯಿ ಅಂಗಡಿಯ ಯಜಮಾನ ಕೇಳಿದಷ್ಟೂ ಹಣ ತೆತ್ತು ಆ ಕಾಗೆಯನ್ನು ಕೊಂಡೊಯ್ದ. ಪ್ರದರ್ಶನದಲ್ಲಿ ಅದಕ್ಕೆ ಬಹುಮಾನವೂ ಬಂತು.

ಆ ಕಲಿಕೆ ಎಂಥದ್ದು? ಕ್ಯೋಸಾಯ್ ಹುಟ್ಟಿದ್ದು 1831ರಲ್ಲಿ. ಏಳರ ಎಳವೆಯಲ್ಲೇ ಮರದಚ್ಚಿನ ಚಿತ್ರಗಳಿಗೆ ಹೆಸರಾದ ಕುನಿಯೋಶಿಯ ಬಳಿ ಕುಂಚ ಹಿಡಿದ. ಹೊಳೆಯಲ್ಲಿ ತೇಲಿಬಂದ ಕಡಿದ ರುಂಡವೊಂದನ್ನು ಬಾಲಕ ಎತ್ತಿ ತಂದು ಅದರ ಚಿತ್ರ ಬರೆದ ಎಂಬ ಕಥೆ ಜಪಾನಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮುಂದೆ 1840ರ ಸುಮಾರಿಗೆ ಕಾನೊ ಮನೆತನದ ಗರಡಿ ಸೇರಿ 1849ರವರೆಗೆ ಅಲ್ಲಿ ಬೆವರು ಸುರಿಸಿದ. ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯುವ ಹುಡುಗನಿಗೆ ಅಲ್ಲಿ ಸಿಕ್ಕ ಕೆಲಸ ಒಂದೇ: ಹಿರಿಯರು ಬರೆದಿಟ್ಟ ಚಿತ್ರಗಳನ್ನು ನಕಲು ಮಾಡುವುದು.

ನಮ್ಮ ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಯ್ಯನವರು ಬರೆದ ಅಕ್ಷರದ ಮೇಲೇ ಬೆರಳಾಡಿಸಿ ತಿದ್ದುತ್ತಿದ್ದರಲ್ಲ, ಕಾನೊ ಗರಡಿಯ ಪಾಠವೂ ಅದೇ ಜಾತಿಯದು. ವ್ಯತ್ಯಾಸ ಇಷ್ಟೇ, ಮರಳನ್ನು ಅಳಿಸಬಹುದು, ಮಸಿಯನ್ನು ಅಳಿಸಲಾಗದು.

ನಕಲಿನ ಗುಟ್ಟಿರುವುದೂ ಇಲ್ಲೇ. ಎಣ್ಣೆ ದೀಪದ ಕಾಡಿಗೆಯನ್ನೋ ಪೈನ್ ಮರದ ಹೊಗೆಮಸಿಯನ್ನೋ ಪ್ರಾಣಿಗಳಿಂದ ತೆಗೆದ ಅಂಟಿನಲ್ಲಿ ಕಲಸಿ, ನಾದಿ, ಅಚ್ಚಿಗೆ ಹಾಕಿ ಒಣಗಿಸಿದ ಬಿಲ್ಲೆಯೇ ಸುಮಿ. ನಾರಾ ನಗರದ ಕೋಬಾಯೆನ್ ಎಂಬ ಮನೆತನ 1577ರಿಂದ ಇದೇ ಕಸುಬು ಮಾಡುತ್ತಿದೆ. ಬಿಲ್ಲೆಯನ್ನು ನೀರು ಹಾಕಿದ ಕಲ್ಲಿನ ಮೇಲೆ ತೇಯ್ದರೆ ಮಸಿ ಸಿದ್ಧ. ಅದು ಕಾಗದಕ್ಕೆ ತಾಗಿದ ಗಳಿಗೆಯಲ್ಲೇ ನಾರಿನೊಳಗೆ ಇಳಿಯುತ್ತದೆ. ಕೈ ಒಂದು ಕ್ಷಣ ತಡೆದರೆ ಅಲ್ಲೊಂದು ಗುಡ್ಡೆ, ಅವಸರ ಮಾಡಿದರೆ ಹರಕು ಗೆರೆ. ಎಣ್ಣೆಬಣ್ಣದವನು ತಪ್ಪಿನ ಮೇಲೆ ಇನ್ನೊಂದು ಪದರ ಬಳಿದು ಪಾರಾಗಬಹುದು. ಮಸಿಯವನಿಗೆ ಆ ಭಾಗ್ಯವಿಲ್ಲ. ಹಾಗಾಗಿ ಕುಂಚ ಕಾಗದಕ್ಕೆ ಇಳಿಯುವ ಮುನ್ನವೇ ಕೈಗೆ ಎಲ್ಲವೂ ಗೊತ್ತಿರಬೇಕು. ಗೊತ್ತಿರುವ ಕೈಯ ಹಿಂದೆ ಸಾವಿರ ಸಲ ಓಡಾಡದೆ ಆ ಅರಿವು ಬರುವುದಿಲ್ಲ ಎಂಬುದು ಅವರ ನಂಬಿಕೆ.

ಕೊಬಿಕಿಚೊದ ದಿನಗಳು

ಈಗಿನ ಟೋಕಿಯೊ, ಅಂದಿನ ಎದೊ. ನಗರದ ಕೊಬಿಕಿಚೊ ಎಂಬಲ್ಲಿ, ಅಂದರೆ ಇಂದಿನ ಗಿಂಜಾ ಪ್ರದೇಶದಲ್ಲಿ, ಶೋಗುನ್ ದೊರೆಗಳ ಆಸ್ಥಾನ ಚಿತ್ರಕಾರರಾದ ಕಾನೊ ಮನೆತನದ ಒಂದು ಶಾಖೆಯ ಗರಡಿ ಇತ್ತು. ಅಲ್ಲಿನ ಒಳಬದುಕನ್ನು ನಮಗೆ ಬರೆದಿಟ್ಟು ಹೋದವನು ಅಲ್ಲೇ ಕಲಿತ ಹಶಿಮೊತೊ ಗಹೋ. 1889ರಲ್ಲಿ ‘ಕೊಕ್ಕಾ’ ಎಂಬ ಕಲಾಪತ್ರಿಕೆಯಲ್ಲಿ ಆತ ಬರೆದ ನೆನಪುಗಳು ಇಲ್ಲದಿದ್ದರೆ ಈ ಪಾಠಕ್ರಮದ ಬಹುಭಾಗ ನಮಗೆ ತಿಳಿಯುತ್ತಲೇ ಇರಲಿಲ್ಲ.

ಸೇರುತ್ತಿದ್ದವರು ಹೆಚ್ಚಾಗಿ ಸಾಮಂತರ ಆಶ್ರಯದಲ್ಲಿದ್ದ ಚಿತ್ರಕಾರರ ಮಕ್ಕಳು. ಮನೆಯಲ್ಲಿ ಅಪ್ಪನ ಬಳಿ ಸರಳ ಆಕಾರಗಳನ್ನು ಕಲಿತು, ಹದಿನಾಲ್ಕು ಹದಿನೈದರ ವಯಸ್ಸಿಗೆ ಗರಡಿಗೆ ಬರುತ್ತಿದ್ದರು. ಊಟ, ನಿದ್ದೆ, ಅಭ್ಯಾಸ ಎಲ್ಲ ಅಲ್ಲೇ. ಗುರುವಿನ ದರ್ಶನವೇ ಅಪರೂಪ. ಪಾಠ ಹೇಳುತ್ತಿದ್ದವರು ಹಿರಿಯ ವಿದ್ಯಾರ್ಥಿಗಳು.

ಪಠ್ಯವೂ ನಿಗದಿಯಾಗಿತ್ತು. ಮೊದಲು ಕಾನೊ ತ್ಸುನೆನೊಬು ಬರೆದ ಮನುಷ್ಯರ, ಬೆಟ್ಟಗುಡ್ಡಗಳ 60 ಹಾಳೆಗಳು. ಅವು ಮುಗಿದ ಮೇಲೆ ಅವನದ್ದೇ ಹೂವು ಹಕ್ಕಿಗಳ 12 ಹಾಳೆಗಳು. ಬಳಿಕ ಹಿರಿಯರ ಬಿಡಿ ಚಿತ್ರಗಳು, ಚೀನಾದ ಹಳಬರ ಕೃತಿಗಳು. ಈ ಮಾದರಿಗಳಿಗೆ ‘ಫುನ್‌ಪೊನ್’ ಎಂದು ಹೆಸರು. ತ್ಸುನೆನೊಬು ತೀರಿಕೊಂಡದ್ದು 1713ರಲ್ಲಿ. ನೂರು ವರ್ಷ ಕಳೆದ ಮೇಲೂ ಹೊಸ ಹುಡುಗರು ಅವನ ಬಂಡೆಗಳನ್ನೇ ತಿದ್ದುತ್ತಿದ್ದರು. ಮಾದರಿಯನ್ನು ಮೊದಲು ಚಾಚೂ ತಪ್ಪದೆ ಎತ್ತಿಕೊಂಡು ತನ್ನದೇ ಒಂದು ಪ್ರತಿ ಮಾಡಿಟ್ಟುಕೊಳ್ಳಬೇಕು. ಆಮೇಲೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಕೈಗೆ ಹತ್ತುವವರೆಗೂ ಬರೆಯಬೇಕು. ಇದು ಹತ್ತು ವರ್ಷ ಹಿಡಿಯುವ ದಾರಿ. ಗೆದ್ದವನಿಗೆ ಗುರು ತನ್ನ ಹೆಸರಿನಿಂದ ಒಂದು ಅಕ್ಷರ ಕೊಡುತ್ತಿದ್ದ. ಗಹೋ ಎಂಬ ಹೆಸರಿನ ಮೊದಲ ಅಕ್ಷರ ಅವನ ಗುರುವಿನ ಹೆಸರಿನಿಂದ ಬಂದದ್ದು.

ಎತ್ತಿಕೊಳ್ಳುವ ಬಗೆಗಳಲ್ಲಿ ಒಂದಂತೂ ಬಲು ಸೊಗಸು. ‘ಅಗೆ ಉತ್ಸುಶಿ’ ಎಂದು ಅದರ ಹೆಸರು. ಮೂಲಚಿತ್ರದ ಮೇಲೆ ತೆಳ್ಳನೆಯ ಕಾಗದ ಹಾಸಿ, ಮೇಲ್ತುದಿಯನ್ನು ಅಲುಗದಂತೆ ಒತ್ತಿಡುತ್ತಾರೆ. ಕೆಳತುದಿಗೆ ದುಂಡನೆಯ ಕೋಲು. ಎಡಗೈ ಕೋಲನ್ನು ಉರುಳಿಸಿ ಕಾಗದವನ್ನು ಮೇಲಕ್ಕೆ ಸುತ್ತುತ್ತದೆ, ಮೂಲದ ಗೆರೆ ಕಣ್ಣಿಗೆ ಬೀಳುತ್ತದೆ. ಮರುಕ್ಷಣ ಕಾಗದ ಕೆಳಗಿಳಿಯುತ್ತದೆ. ಆ ಗೆರೆಯ ಚಿತ್ರ ಕಣ್ಣಲ್ಲಿ ಇನ್ನೂ ಮಾಸಿಲ್ಲ, ಅಷ್ಟರಲ್ಲೇ ಬಲಗೈ ಅದನ್ನು ಎಳೆದು ಮುಗಿಸಬೇಕು. ಮತ್ತೆ ಸುತ್ತು, ಮತ್ತೆ ಇಳಿಸು. ಒಂದು ಬಟ್ಟೆಯ ನೆರಿಗೆಗೆ, ಒಂದು ಹಕ್ಕಿಯ ಉಗುರಿಗೆ ಹೀಗೆ ಹತ್ತಾರು ಸಲ.

ಬರೀ ಆಕಾರ ಬೇಕಿದ್ದರೆ ಇಷ್ಟು ಪಾಡು ಪಡಬೇಕಿರಲಿಲ್ಲ, ಕಾಗದದ ಮೂಲಕ ಕಾಣುವ ಗೆರೆಯ ಮೇಲೆ ಮೆಲ್ಲಗೆ ಎಳೆದಿದ್ದರೆ ಸಾಕಿತ್ತು. ಆದರೆ ಹಾಗೆ ಎಳೆದ ಗೆರೆ ಸತ್ತ ಗೆರೆ. ಗುರುವಿನ ಕುಂಚ ಎಲ್ಲಿ ಊರಿತು, ಎಲ್ಲಿ ತೇಲಿತು, ಯಾವ ವೇಗದಲ್ಲಿ ತಿರುಗಿತು ಎಂಬುದನ್ನು ಕೈ ಹಿಡಿಯಬೇಕಾದರೆ ಗೆರೆಯನ್ನು ಒಂದೇ ಉಸಿರಿನಲ್ಲಿ, ಮೂಲದ ವೇಗದಲ್ಲೇ ಎಳೆಯಬೇಕು.

▣ ಮೂರು ನಡೆಗಳು

ಕಾನೊ ಮೊತೊನೊಬು (1476–1559) ಚಿತ್ರದ ಶೈಲಿಗಳನ್ನು ಕೈಬರಹದಂತೆ ಮೂರಾಗಿ ವಿಂಗಡಿಸಿದ. ‘ಶಿನ್’ ಎಂದರೆ ಖಚಿತ ಗೆರೆಗಳ ಕಟ್ಟುನಿಟ್ಟಿನ ನಡೆ, ಇದಕ್ಕೆ ಮಾದರಿ ಚೀನಾದ ಮಾ ಯುವಾನ್ ಮತ್ತು ಶಿಯಾ ಗುಯಿ. ‘ಗ್ಯೋ’ ನಡುವಿನದು, ಮಾದರಿ ಮೂಚಿ. ‘ಸೋ’ ಎಂದರೆ ಮಸಿ ಚೆಲ್ಲಿದಂತೆ ಓಡುವ ನಡೆ, ಮಾದರಿ ಯೂಜಿಯನ್. ಹತ್ತಾರು ಕೈಗಳು ಸೇರಿ ದೇವಾಲಯದ ಒಂದು ಇಡೀ ಸಭಾಂಗಣವನ್ನು ಒಬ್ಬನೇ ಬರೆದಂತೆ ಮುಗಿಸಲು ಈ ವಿಂಗಡಣೆ ನೆರವಾಯಿತು.

ಗುರುವೂ ನಕಲು ಮಾಡಿದವನೇ

ನಕಲು ಎಳೆಯರಿಗೆ ಮಾತ್ರ ಎಂದುಕೊಂಡರೆ ತಪ್ಪು. ಜಪಾನಿನ ಮಸಿಚಿತ್ರದ ಮೇರುವೆನಿಸಿದ ಸೆಸ್ಶು (1420–1506) ಝೆನ್ ಭಿಕ್ಷು. 1467ರಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ಹಡಗು ಹತ್ತಿ ಮಿಂಗ್ ಚೀನಾಕ್ಕೆ ಹೋಗಿ 1469ರಲ್ಲಿ ಮರಳಿದ. ಶಿಯಾ ಗುಯಿ, ಲಿಯಾಂಗ್ ಕಾಯ್, ಯೂಜಿಯನ್ ಮೊದಲಾದ ಹಳೆಯ ಗುರುಗಳ ಶೈಲಿಯಲ್ಲಿ ಬೀಸಣಿಗೆಯ ಆಕಾರದೊಳಗೆ ಆತ ಬರೆದ ಕೆಲವು ಚಿತ್ರಗಳು ಉಳಿದಿವೆ. ಅವುಗಳಲ್ಲಿ ಒಂದು ವಿಶೇಷವಿದೆ. ಬೀಸಣಿಗೆಯ ಗೆರೆಯ ಒಳಗೆ ಚೀನೀ ಗುರುವಿನ ಹೆಸರು, ಗೆರೆಯ ಹೊರಗೆ ‘ಸೆಸ್ಶು’ ಎಂಬ ತನ್ನ ರುಜು. ಎರವಲು ತಂದದ್ದು ಯಾರಿಂದ ಎಂಬುದನ್ನು ಚಿತ್ರದ ಮೇಲೇ ಬರೆದಿಟ್ಟ ಈ ನಿಯತ್ತು ಮೆಚ್ಚುವಂಥದ್ದು. 1486ರಲ್ಲಿ ಅದೇ ಸೆಸ್ಶು ಸುಮಾರು 16 ಮೀಟರ್ ಉದ್ದದ ಭೂದೃಶ್ಯದ ಸುರುಳಿ ಬರೆದ. ಬಂಡೆಗಳ ಕೊಡಲಿಯೇಟಿನಂಥ ಗೆರೆಗಳು ಶಿಯಾ ಗುಯಿಯಿಂದ ಬಂದವು. ಆದರೆ ಆ ಸುರುಳಿಯನ್ನು ನೋಡಿ ಯಾರೂ ಶಿಯಾ ಗುಯಿ ಎನ್ನುವುದಿಲ್ಲ.

ಮುಂದೆ ಆ ಸುರುಳಿಯೇ ಪಠ್ಯವಾಯಿತು. 1593ರಲ್ಲಿ ಮೋರಿ ತೆರುಮೊತೊ ಎಂಬ ಸಾಮಂತ ಅದನ್ನೂ ಸೆಸ್ಶು ವಾಸವಿದ್ದ ಉಂಕೊಕು ಆಶ್ರಮವನ್ನೂ ತನ್ನ ಚಿತ್ರಕಾರ ತೋಗನ್‌ನ ವಶಕ್ಕೆ ಕೊಟ್ಟ. ತೋಗನ್ ಸುರುಳಿಯನ್ನು ನಕಲು ಮಾಡಿದ, ಆಶ್ರಮದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಉಂಕೊಕು ತೋಗನ್ ಆದ. ಅದೇ ಕಾಲದ ಹಸೆಗವಾ ತೋಹಾಕು ತಾನು ಸೆಸ್ಶುವಿನ ಐದನೇ ತಲೆಮಾರು ಎಂದು ಸಾರಿಕೊಂಡ. ಕ್ಯೋಟೊದ ದೈತೊಕುಜಿ ದೇವಾಲಯದಲ್ಲಿದ್ದ ಮೂಚಿಯ ಕೋತಿಗಳನ್ನು ಕಣ್ತುಂಬ ನೋಡಿ ಅವೇ ಕೋತಿಗಳನ್ನು ತನ್ನ ಪರದೆಗಳ ಮೇಲೆ ಬರೆದ. ಮಂಜಿನಲ್ಲಿ ಮುಳುಗೇಳುವ ಪೈನ್ ಮರಗಳ ಅವನ ಜೋಡಿ ಪರದೆಯನ್ನು ಇಂದು ಜಪಾನೀಯರು ರಾಷ್ಟ್ರೀಯ ನಿಧಿಯೆಂದು ಕಾಯುತ್ತಾರೆ. ಅದರಲ್ಲಿನ ಮಂಜು ತೋಹಾಕುವಿನದೇ, ಆದರೆ ಮಸಿಯನ್ನು ಅಷ್ಟು ತೆಳುವಾಗಿಸುವ ಧೈರ್ಯ ಬಂದದ್ದು ಮೂಚಿಯಿಂದ.

ಕಾನೊ ತನ್ಯು (1602–1674) ಹದಿನಾರರ ಹರೆಯದಲ್ಲೇ ಶೋಗುನ್ ಆಸ್ಥಾನದ ಚಿತ್ರಕಾರನಾದವನು. ಹಳೆಯ ಚಿತ್ರ ಅಸಲಿಯೋ ಖೋಟಾವೋ ಎಂದು ತಿಳಿಯಲು ಶ್ರೀಮಂತರು ಅವನ ಮನೆಗೆ ಎಡತಾಕುತ್ತಿದ್ದರು. ಬಂದ ಚಿತ್ರವನ್ನು ಹಿಂದಿರುಗಿಸುವ ಮುನ್ನ ತನ್ಯು ಅದರದೊಂದು ಪುಟ್ಟ ಪ್ರತಿ ಬರೆದುಕೊಂಡು, ಪಕ್ಕದಲ್ಲಿ ದಿನಾಂಕವನ್ನೂ ತನ್ನ ತೀರ್ಪನ್ನೂ ಟಿಪ್ಪಣಿ ಮಾಡುತ್ತಿದ್ದ. ದೇಶದ ದೊಡ್ಡ ಚಿತ್ರಕಾರ ಮುಪ್ಪಿನವರೆಗೂ ನಡೆಸಿದ ಅಭ್ಯಾಸವಿದು. ಮೂಲಗಳೇ ಕಳೆದುಹೋದ ಎಷ್ಟೋ ಕೃತಿಗಳು ಇಂದು ಈ ಕಿರುಪ್ರತಿಗಳಲ್ಲಿ ಮಾತ್ರ ಬದುಕಿವೆ.

ಕೈಕಟ್ಟು ಆದಾಗ

ಈ ಪದ್ಧತಿಗೆ ಸಿದ್ಧಾಂತದ ಬೆನ್ನೆಲುಬು ಕೊಟ್ಟವನು ತನ್ಯುವಿನ ತಮ್ಮ ಯಸುನೊಬು. 1680ರ ತನ್ನ ಗ್ರಂಥದಲ್ಲಿ ಆತ ಚಿತ್ರಗಳನ್ನು ಎರಡಾಗಿ ಬೇರ್ಪಡಿಸಿದ: ಹುಟ್ಟುಪ್ರತಿಭೆಯಿಂದ ಬಂದದ್ದು, ಕಲಿತು ಬಂದದ್ದು. ಅವನ ಒಲವು ಎರಡನೆಯದರ ಕಡೆಗೆ. ಪ್ರತಿಭೆ ಒಬ್ಬನೊಂದಿಗೇ ಸಾಯುತ್ತದೆ, ಕಲಿತದ್ದನ್ನು ಮುಂದಿನವರಿಗೆ ದಾಟಿಸಬಹುದು ಎಂಬುದು ಅವನ ವಾದದ ಸಾರ. ಮಗನಿಂದ ಮೊಮ್ಮಗನಿಗೆ ಕಸುಬು ಸಾಗಿಸಬೇಕಾದ ಮನೆತನದ ಹಿರಿಯನ ಮಾತಾಗಿ ಇದು ಅರ್ಥವಾಗುತ್ತದೆ. ಆದರೆ ಕಲೆಯ ಪಾಲಿಗೆ ಇದು ಅಪಾಯದ ಮಾತೂ ಹೌದು.

ಅಪಾಯ ಸಂಭವಿಸಿತು ಕೂಡ. ತಲೆಮಾರು ಉರುಳಿದಂತೆ ಹುಡುಗರ ಮುಂದೆ ಮೂಲದ ಬದಲು ನಕಲಿನ ನಕಲು ಬಂದು ಕೂತಿತು. ಮಾದರಿಗಳನ್ನು ಗುಟ್ಟಾಗಿಡುವ ಜಿಗುಟುತನ ಬೇರೆ. ಒಸಾಕಾದ ತಚಿಬಾನಾ ಮೊರಿಕುನಿ 1720ರಿಂದಾಚೆಗೆ ಚಿತ್ರಮಾದರಿಗಳ ಪುಸ್ತಕಗಳನ್ನು ಅಚ್ಚು ಹಾಕಿಸಿದಾಗ ಮನೆತನದ ಗುಟ್ಟು ಬಯಲು ಮಾಡಿದನೆಂದು ಕಾನೊ ಬಳಗ ಅವನನ್ನು ದೂರವಿಟ್ಟಿತಂತೆ. ಗುಟ್ಟು ಮಾತ್ರ ನಿಲ್ಲಲಿಲ್ಲ. ಚೀನಾದಲ್ಲಿ 1679ರಲ್ಲಿ ಹೊರಬಂದಿದ್ದ ‘ಸಾಸಿವೆ ಕಾಳಿನ ತೋಟ’ ಎಂಬ ಚಿತ್ರಪಾಠದ ಪುಸ್ತಕ 1748ರಲ್ಲಿ ಜಪಾನಿನಲ್ಲೇ ಮುದ್ರಣ ಕಂಡಿತು. ಗರಡಿಯ ಹೊಸ್ತಿಲು ತುಳಿಯಲಾಗದವರಿಗೆ ಅಂಗಡಿಯಲ್ಲೇ ಗುರು ಸಿಕ್ಕಂತಾಯಿತು.

ನಕಲನ್ನು ಗಂಟಲವರೆಗೆ ಉಂಡು ಎದ್ದು ಹೋದವನೂ ಒಬ್ಬನಿದ್ದ. ಕ್ಯೋಟೊದ ತರಕಾರಿ ಮಂಡಿಯ ಯಜಮಾನ ಇತೊ ಜಾಕುಚು (1716–1800). ಮೊದಲು ಕಾನೊ ಶೈಲಿ ಕಲಿತ. ಸಾಲದೆಂದು ದೇವಾಲಯಗಳಲ್ಲಿದ್ದ ಹಳೆಯ ಚೀನೀ ಚಿತ್ರಗಳನ್ನು ನಕಲು ಮಾಡಿದ, ಅವು ಸಾವಿರ ಮುಟ್ಟಿದವೆಂದು ಅವನ ಗೆಳೆಯ, ಭಿಕ್ಷು ದೈತೆನ್ ದಾಖಲಿಸಿದ್ದಾನೆ. ಕೊನೆಗೆ ಅಂಗಳದಲ್ಲಿ ಕೋಳಿಗಳನ್ನು ಸಾಕಿ, ಅವನ್ನೇ ನೋಡುತ್ತ ಕೂತ. ಇಷ್ಟಾದರೂ 1755ರಲ್ಲಿ ಹುಲಿ ಬರೆಯುವಾಗ ಆತ ಹಳೆಯ ಚಿತ್ರವೊಂದನ್ನೇ ನಕಲು ಮಾಡಿದ. ಕಾರಣವನ್ನೂ ಚಿತ್ರದ ಮೇಲೇ ಬರೆದ: ಕಣ್ಣಾರೆ ಕಾಣದ್ದನ್ನು ಆತ ಬರೆಯುವವನಲ್ಲ, ಆದರೆ ಜಪಾನಿನಲ್ಲಿ ಹುಲಿಗಳೇ ಇಲ್ಲ.

ಅವನ ಮಸಿಚಿತ್ರಗಳಲ್ಲಿ ಕಾಣುವ ಒಂದು ಚಮತ್ಕಾರವನ್ನು ಹತ್ತಿರದಿಂದ ನೋಡಬೇಕು. ಮಸಿ ಬೇಗ ಹೀರುವ ಒಂದು ಬಗೆಯ ಕಾಗದದ ಮೇಲೆ ತೆಳುಮಸಿಯ ಒಂದು ದಳ. ಅದರ ಅಂಚಿಗೆ ತಾಗಿಸಿ ಇನ್ನೊಂದು. ಎರಡೂ ಹರಡುತ್ತವೆ, ಆದರೆ ಒಂದರೊಳಗೊಂದು ಬೆರೆಯುವುದಿಲ್ಲ. ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ತಾನಾಗಿ ಉಳಿಯುತ್ತದೆ. ಕುಂಚ ಎಳೆಯದ ಆ ಗೆರೆಯಿಂದಲೇ ಜಾಕುಚು ಸೇವಂತಿಗೆಯ ಎಸಳು, ಮೀನಿನ ಹುರುಪೆ, ಕೋಳಿಯ ಗರಿಗಳನ್ನು ಬಿಡಿಸಿದ. ಕಾಗದದ ಬಾಯಾರಿಕೆ ಎಷ್ಟೆಂದು ಸಾವಿರ ಹಾಳೆಗಳ ಮೇಲೆ ಅಳೆದ ಕೈಗಲ್ಲದೆ ಬೇರೆಯವರಿಗೆ ಇದು ಒಲಿಯುತ್ತಿರಲಿಲ್ಲ.

ಇಬ್ಬರು ಸಹಪಾಠಿಗಳು

1868ರಲ್ಲಿ ಶೋಗುನ್ ಆಳ್ವಿಕೆ ಮುಗಿಯಿತು, ಆಸ್ಥಾನದ ಸಂಬಳವೂ ನಿಂತಿತು. ಕೊಬಿಕಿಚೊದಲ್ಲಿ ಜೊತೆಯಾಗಿ ಕಲಿತಿದ್ದ ಇಬ್ಬರು ಗೆಳೆಯರು ಬೀದಿಗೆ ಬಿದ್ದರು. ಗಹೋ ನೌಕಾಪಡೆಯ ಶಾಲೆಯಲ್ಲಿ ನಕ್ಷೆ ಬಿಡಿಸುವ ಕೆಲಸ ಹಿಡಿದ. ಕಾನೊ ಹೋಗಾಯ್ (1828–1888) ರೇಷ್ಮೆಹುಳು ಸಾಕಿದ, ಅಂಗಡಿ ಇಟ್ಟ, ಯಾವುದೂ ಕೈಹಿಡಿಯಲಿಲ್ಲ. ಪಾಶ್ಚಾತ್ಯ ಕಲೆಯ ಮೋಹ ಆವರಿಸಿದ್ದ ಕಾಲದಲ್ಲಿ ಹಳೆಯ ಕುಂಚ ಯಾರಿಗೂ ಬೇಡವಾಗಿತ್ತು. ಟೋಕಿಯೊ ವಿಶ್ವವಿದ್ಯಾಲಯಕ್ಕೆ ತತ್ವಶಾಸ್ತ್ರ ಕಲಿಸಲು ಬಂದಿದ್ದ ಅಮೆರಿಕದ ಅರ್ನೆಸ್ಟ್ ಫೆನೊಲೋಸಾ ಈ ಇಬ್ಬರ ಬೆಲೆ ಕಂಡುಕೊಂಡು ಮತ್ತೆ ಕುಂಚ ಹಿಡಿಸಿದ.

ಹೋಗಾಯ್‌ನ ಕೊನೆಯ ಕೃತಿ ಕರುಣಾಮಯಿ ಕನ್ನನ್ ದೇವತೆಯದು. ಚಿತ್ರ ಪೂರ್ಣವಾಗುವ ಮೊದಲೇ, 1888ರ ನವೆಂಬರ್‌ನಲ್ಲಿ, ಆತ ಕಣ್ಮುಚ್ಚಿದ. ಉಳಿದ ಕೆಲಸ ಮುಗಿಸಿದವನು ಗಹೋ. ಹದಿಹರೆಯದಲ್ಲಿ ಒಂದೇ ಗುರುವಿನ ಬಳಿ ಒಂದೇ ಹಾಳೆಗಳನ್ನು ತಿದ್ದಿದ ಇಬ್ಬರಲ್ಲವೇ? ಒಬ್ಬನ ಕೈ ನಿಂತಲ್ಲಿ ಇನ್ನೊಬ್ಬನ ಕೈ ಶುರುವಾಯಿತು. ನಕಲಿನ ಪಾಠಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇರಲಾರದು.

ಮರುವರ್ಷ ಟೋಕಿಯೊ ಲಲಿತಕಲಾ ಶಾಲೆ ತೆರೆಯಿತು, ಗಹೋ ಅಲ್ಲಿ ಪ್ರಾಧ್ಯಾಪಕನಾದ. ಹಳೆಯ ಗರಡಿಯ ಕೊರತೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಶಾಲೆಯಲ್ಲಿ ನಕಲಿನ ಜೊತೆಗೆ ಪ್ರಕೃತಿಯನ್ನು ನೋಡಿ ಬರೆಯುವುದು, ಸ್ವಂತ ಕಲ್ಪನೆಯಿಂದ ಬರೆಯುವುದು ಇವೆರಡೂ ಪಾಠದಲ್ಲಿ ಸೇರಿದವು. ನಕಲನ್ನು ಮಾತ್ರ ಕೈಬಿಡಲಿಲ್ಲ. ಅವನ ಶಿಷ್ಯ ಯೊಕೊಯಾಮಾ ತೈಕನ್ ಮುಂದೆ ಸುಮಾರು 40 ಮೀಟರ್ ಉದ್ದದ ಮಸಿಯ ಸುರುಳಿಯೊಂದನ್ನು ಬರೆದ. ಅದು ಪ್ರದರ್ಶನಗೊಂಡದ್ದು 1923ರ ಸೆಪ್ಟೆಂಬರ್ 1ರಂದು, ಟೋಕಿಯೊವನ್ನು ನೆಲಸಮ ಮಾಡಿದ ಭೂಕಂಪದ ದಿನ. ಸುರುಳಿ ಉಳಿಯಿತು.

ಕಲ್ಕತ್ತೆಯ ದಾರಿ

ಇದೇ ತೈಕನ್ 1903ರಲ್ಲಿ ಗೆಳೆಯ ಹಿಶಿದಾ ಶುನ್ಸೊ ಜೊತೆ ಕಲ್ಕತ್ತೆಗೆ ಬಂದಿದ್ದ. ಠಾಕೂರರ ಮನೆಯಲ್ಲಿ ತೈಕನ್ ನೀರಿನಲ್ಲಿ ಅದ್ದಿದ ಕುಂಚವನ್ನು ಕಾಗದದ ಮೇಲೆ ಹಾಯಿಸುವುದನ್ನು ಅವನೀಂದ್ರನಾಥ ಠಾಕೂರರು ಗಮನಿಸಿದರು. ಅವರು ಅದನ್ನು ತಮ್ಮದೇ ರೀತಿಯಲ್ಲಿ ಬೆಳೆಸಿ, ಇಡೀ ಚಿತ್ರವನ್ನೇ ನೀರಿನಲ್ಲಿ ಮುಳುಗಿಸಿ ತೆಗೆಯುವ ‘ವಾಶ್’ ಪದ್ಧತಿ ರೂಪಿಸಿದರು. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಅರಮನೆಯ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಶಿಷ್ಯರಾದದ್ದು ಇದೇ ಅವನೀಂದ್ರನಾಥರಿಗೆ. ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಿಸಲು ಕಟ್ಟಿದ ತಂಡದಲ್ಲಿ ನಂದಲಾಲ್ ಬೋಸರ ಜೊತೆ ವೆಂಕಟಪ್ಪನವರೂ ಇದ್ದರು. ಗುಹೆಯ ಮಬ್ಬಿನಲ್ಲಿ ಹಳಬರ ಗೆರೆ ಹಿಡಿಯುವ ಆ ಕೆಲಸ ಕೊಬಿಕಿಚೊದ ಹುಡುಗರ ಕೆಲಸಕ್ಕೆ ದೂರದ್ದೇನಲ್ಲ.

▣ ನಕಲು ಉಳಿಸಿತು, ನಕಲೂ ಅಳಿಯಿತು

1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಠಾಕೂರರು ಶಿಮೊಮುರಾ ಕನ್‌ಜಾನ್ ಬರೆದ ಕುರುಡ ಭಿಕ್ಷುಕನ ಚಿತ್ರಕ್ಕೆ ಮಾರುಹೋಗಿ ಅದರ ಪ್ರತಿ ಬಯಸಿದರು. ಪ್ರತಿ ಮಾಡಿಕೊಟ್ಟವನು ಅರಾಯ್ ಕನ್‌ಪೊ. ಆ ನಂಟಿನಿಂದ ಕನ್‌ಪೊ ಕಲ್ಕತ್ತೆಗೆ ಬಂದು ಕುಂಚದ ಪಾಠ ಹೇಳಿದ, ಅಜಂತಾ ಚಿತ್ರಗಳನ್ನೂ ನಕಲು ಮಾಡಿದ. ಟೋಕಿಯೊಗೆ ಒಯ್ದ ಆ ಪ್ರತಿಗಳು 1923ರ ಭೂಕಂಪದಲ್ಲಿ ನಾಶವಾದವು. 1940ರಲ್ಲಿ ನಾರಾ ಬಳಿಯ ಹೋರ್ಯೂಜಿ ದೇವಾಲಯದ ಭಿತ್ತಿಚಿತ್ರಗಳ ನಕಲು ಆರಂಭವಾದಾಗ ಒಂದು ತಂಡದ ಮುಂದಾಳು ಅವನೇ. 1949ರ ಜನವರಿ 26ರಂದು ಬೆಂಕಿ ಬಿದ್ದು ಆ ಮೂಲಚಿತ್ರಗಳು ಸುಟ್ಟು ಕರಕಲಾದವು. ಅಲ್ಲಿ ಉಳಿದದ್ದು ನಕಲುಗಳು. ಆ ದಿನವನ್ನು ಜಪಾನ್ ಇಂದಿಗೂ ಪರಂಪರೆಯ ಆಸ್ತಿಗಳ ಅಗ್ನಿರಕ್ಷಣಾ ದಿನವಾಗಿ ಆಚರಿಸುತ್ತದೆ.

ನಮ್ಮಲ್ಲಿ ಚಿತ್ರ ಕಲಿಯುವ ಮಗುವಿಗೆ ಮೊದಲ ದಿನವೇ ‘ನೋಡಿ ಬರೀಬೇಡ, ಸ್ವಂತ ಬರಿ’ ಎನ್ನುವವರೇ ಹೆಚ್ಚು. ಸಂಗೀತದ ಮಗುವಿಗೆ ಯಾರೂ ಹಾಗೆ ಹೇಳುವುದಿಲ್ಲ. ಸರಳೆ, ಜಂಟಿ ವರಸೆಗಳನ್ನು ಗುರು ಹಾಡಿದಂತೆಯೇ ಹಾಡಿಸುತ್ತೇವೆ. ಚಿತ್ರದ ಕೈಗೆ ಮಾತ್ರ ಆ ಅಭ್ಯಾಸದ ಹಕ್ಕನ್ನು ಕೊಡದಿರುವುದು ಅನ್ಯಾಯ. ಕೊಬಿಕಿಚೊದಂತೆ ಹತ್ತು ವರ್ಷ ಕಟ್ಟಿಹಾಕುವುದೂ ಬೇಡ. ಗಹೋ ತನ್ನ ಹೊಸ ಶಾಲೆಯಲ್ಲಿ ಮಾಡಿದ ಬೆರಕೆಯೇ ಇದಕ್ಕೆ ಸರಿಯಾದ ಉತ್ತರ ಎನ್ನಬೇಕು.

ಟೋಕಿಯೊ ಕಲಾ ವಿಶ್ವವಿದ್ಯಾಲಯದಲ್ಲಿ ಹಳೆಯ ಚಿತ್ರಗಳ ಸಂರಕ್ಷಣೆ ಕಲಿಯುವವರು ಇಂದಿಗೂ ಕೋಲಿಗೆ ಕಾಗದ ಸುತ್ತಿ, ಇಳಿಸಿ, ಅಗೆ ಉತ್ಸುಶಿ ಮಾಡುತ್ತಾರೆ. ಓದುಗರಿಗೂ ಒಂದು ದಾರಿಯಿದೆ. ಸೆಸ್ಶು 1495ರಲ್ಲಿ ಊರಿಗೆ ಹೊರಟ ಶಿಷ್ಯ ಸೋಯೆನ್‌ಗೆ ಬರೆದುಕೊಟ್ಟ ‘ಹಬೊಕು’ ಭೂದೃಶ್ಯ ಈಗ ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಜಪಾನಿನ ರಾಷ್ಟ್ರೀಯ ಸಂಗ್ರಹಾಲಯಗಳ ಜಾಲತಾಣದಲ್ಲಿ ಅದನ್ನು ದೊಡ್ಡದು ಮಾಡಿ ನೋಡಬಹುದು. ಮೊದಲ ನೋಟಕ್ಕೆ ಮಸಿ ಚೆಲ್ಲಿದಂತೆ ಕಾಣುತ್ತದೆ. ಕೆಳಗೆ ಬಲಕ್ಕೆ ಒಂದು ದೋಣಿಯಿದೆ, ಬಂಡೆಯ ಬುಡದಲ್ಲಿ ಬಾವುಟ ಕಟ್ಟಿದ ಹೆಂಡದಂಗಡಿಯಿದೆ. ಅವೆರಡನ್ನೂ ಹುಡುಕಿ, ಒಂದು ಹಾಳೆ ತೆಗೆದುಕೊಂಡು ಆ ದೋಣಿಯನ್ನು ನೋಡಿ ಬರೆಯಲು ಪ್ರಯತ್ನಿಸಿ.